ರಿಫಾರ್ಮ್ಡ್ ವಲಯದ ಹೊರಗಿನ ಬೋಧಕರು: ಯಾರನ್ನು ಕೇಳೋದು, ಹೇಗೆ ಕೇಳೋದು?

ಬೆರೋಯದವ
ವೆಸ್ಟ್‌ಮಿನ್‌ಸ್ಟರ್ ಅರಿಕೆ, ಹೈಡೆಲ್‌ಬರ್ಗ್ ಪ್ರಶ್ನೋತ್ತರಿ, ಡಾರ್ಟ್ ನಿರ್ಣಯಗಳನ್ನು (ರಿಫಾರ್ಮ್ಡ್, ಅಂದರೆ ಕ್ಯಾಲ್ವಿನ್ ಪರಂಪರೆಯ ಪ್ರಾಟೆಸ್ಟೆಂಟ್ ಸಭೆಗಳು ತಮ್ಮ ನಂಬಿಕೆಯನ್ನು ಬರೆದಿಟ್ಟ ಅರಿಕೆಗಳಿವು) ಮನಸಾರೆ ಒಪ್ಪಿದವರು ವೆಸ್ಲಿಯನ್, ಲೂಥರನ್, ಆರ್ಥೊಡಾಕ್ಸ್, ಕ್ಯಾಥೋಲಿಕ್ ಬೋಧಕರ ಪ್ರಸಂಗಗಳನ್ನು ಖುಷಿಯಿಂದ ಕೇಳಬಹುದೇ? "ಕೇಳಬಹುದು, ಆದರೆ ಎಚ್ಚರ ಇರಲಿ" ಅನ್ನೋ ಉತ್ತರ ಎಲ್ಲರ ಬಾಯಲ್ಲೂ ಇದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಯಾರ ಯಾವ ಪ್ರಸಂಗ, ಅದರಲ್ಲಿ ದಾರಿ ಎಲ್ಲಿ ಕವಲೊಡೆಯುತ್ತೆ, ಆಗ ನಮ್ಮ ಅರಿಕೆಯ ಯಾವ ಭಾಗ ತೆರೆದು ನೋಡಬೇಕು, ಇಷ್ಟು ಬಿಡಿಸಿ ಹೇಳಬಲ್ಲವರು ಬರೆಯಿರಿ. ಸಮೃದ್ಧಿ ಸುವಾರ್ತೆಯವರನ್ನು (ನಂಬಿದರೆ ದುಡ್ಡು, ಆರೋಗ್ಯ ಖಚಿತ ಅನ್ನುವವರನ್ನು) ಇಲ್ಲಿಗೆ ತರಬೇಡಿ. ಅದು ಬೇರೆ ಸಂಪ್ರದಾಯವಲ್ಲ, ಬೇರೆ ಸುವಾರ್ತೆ.

ಹಳೇಕೀರ್ತನೆ
ಈ ಅಭ್ಯಾಸ 16ನೇ ಶತಮಾನದ ಸುಧಾರಕ ಕ್ಯಾಲ್ವಿನ್‌ರಿಂದಲೇ ಶುರು. 4ನೇ ಶತಮಾನದ ಗ್ರೀಕ್ ಬೋಧಕ ಕ್ರಿಸೊಸ್ತೊಮ್ ಅವರ ಪ್ರಸಂಗಗಳನ್ನು ಫ್ರೆಂಚ್‌ಗೆ ತರಬೇಕೆಂದು ಕ್ಯಾಲ್ವಿನ್ ಒಂದು ಮುನ್ನುಡಿ ಬರೆದಿಟ್ಟಿದ್ದರು, ಕೆಲಸ ಮಾತ್ರ ಪೂರ್ತಿಯಾಗಲಿಲ್ಲ. ವೇದಭಾಗದ ನೇರ ಅರ್ಥ ಬಿಟ್ಟು ಅತ್ತಿತ್ತ ಹೋಗದವರು ಅಂತ ಅದರಲ್ಲಿ ಹೊಗಳಿದ್ದಾರೆ. ಸ್ವತಂತ್ರ ಚಿತ್ತಕ್ಕೂ ಕ್ರಿಯೆಗಳಿಗೂ ಅತಿಯಾಗಿ ಒತ್ತು ಕೊಟ್ಟರು ಅಂತ ಅಲ್ಲೇ ತಪ್ಪನ್ನೂ ಎತ್ತಿ ತೋರಿಸಿದ್ದಾರೆ. ಮೆಚ್ಚುಗೆ, ತಕರಾರು ಎರಡೂ ಒಂದೇ ಮುನ್ನುಡಿಯಲ್ಲಿ.

ಬರ್ನಾರ್ಡ್ ವಿಷಯವೂ ಹಾಗೇ. 12ನೇ ಶತಮಾನದ ಸನ್ಯಾಸಿ, ಮರಿಯಳ ಮೇಲಿನ ಭಕ್ತಿಗೆ ಹೆಸರಾದವರು. ಪರಮಗೀತದ ಮೇಲೆ 86 ಪ್ರಸಂಗ ಮಾಡಿದ್ದಾರೆ. ಮನುಷ್ಯನ ನೀತಿ ದೇವರ ನ್ಯಾಯಾಸನದ ಮುಂದೆ ನಿಲ್ಲಲಾರದು ಅಂತ ಹೇಳುವಾಗ (ತಮ್ಮ ಮುಖ್ಯ ಗ್ರಂಥ ಇನ್‌ಸ್ಟಿಟ್ಯೂಟ್ಸ್, 3ನೇ ಪುಸ್ತಕ, 12ನೇ ಅಧ್ಯಾಯ) ಕ್ಯಾಲ್ವಿನ್ ಕರೆತರುವ ಸಾಕ್ಷಿ ಅವರೇ.

ಡಾರ್ಟ್1619
ಕ್ಯಾಲ್ವಿನ್ ಓದಿದರು ಅಂದಮಾತ್ರಕ್ಕೆ ಎಲ್ಲರೂ ಓದಲಿ ಅನ್ನೋದು ಸರಿಯಲ್ಲ ಬ್ರದರ್. ಅವರಿಗೆ ಕವಲು ಎಲ್ಲಿದೆ ಅಂತ ಗೊತ್ತಿತ್ತು. ಯೋಹಾನ 6:44 ತೆಗೆದುಕೊಳ್ಳಿ. ಮನಸ್ಸಿರುವವನನ್ನೇ ದೇವರು ಎಳೆಯುತ್ತಾರೆ ಎಂಬ ಕ್ರಿಸೊಸ್ತೊಮ್ ಮಾತನ್ನು ಕ್ಯಾಲ್ವಿನ್ ಹೆಸರು ಹಿಡಿದೇ ತಳ್ಳಿಹಾಕುತ್ತಾರೆ (ಇನ್‌ಸ್ಟಿಟ್ಯೂಟ್ಸ್, 2ನೇ ಪುಸ್ತಕ, 3:10). ವೆಸ್ಟ್‌ಮಿನ್‌ಸ್ಟರ್ 10:1 ಹೇಳೋದು ಇದಕ್ಕೆ ತಿರುಗುಮುರುಗು: ಬರುವವರು ಸಂಪೂರ್ಣ ಸ್ವಇಚ್ಛೆಯಿಂದಲೇ ಬರುತ್ತಾರೆ, ಆದರೆ ಆ ಇಚ್ಛೆಯನ್ನು ಹುಟ್ಟಿಸಿದ್ದು ಕೃಪೆ. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತೆ. 10:1 ಬಾಯಿಪಾಠ ಇಲ್ಲದವರಿಗೆ ಕವಲು ದಾಟಿದ್ದೇ ಗೊತ್ತಾಗೋದಿಲ್ಲ.

ರೋಮಾ 9ರ ಮೇಲಿನ ಕ್ರಿಸೊಸ್ತೊಮ್ ಅವರ ಪ್ರಸಂಗವಂತೂ (ರೋಮಾ ಪತ್ರಿಕೆಯ 16ನೆಯದು) ಉದ್ದಕ್ಕೂ ಸ್ವತಂತ್ರ ಚಿತ್ತವನ್ನು ಉಳಿಸಿಕೊಳ್ಳುವ ಪ್ರಯತ್ನ. ಹೊಸಬರಿಗೆ ಅದನ್ನು ಕೊಡಬೇಡಿ.

ಹಳೇಕೀರ್ತನೆ
ಒಪ್ಪಿದೆ. ಅದಕ್ಕೇ ರೋಮಾ ಬಿಟ್ಟು ಮತ್ತಾಯದಿಂದ ಶುರುಮಾಡಿ ಅನ್ನೋದು. ಮತ್ತಾಯದ ಮೇಲೆ 90 ಪ್ರಸಂಗಗಳಿವೆ. ಸಾಮಾನ್ಯವಾಗಿ ಮೊದಲರ್ಧ ವಚನ ವಚನ ಬಿಡಿಸಿ ವಿವರಣೆ, ಕೊನೆಯರ್ಧ ಜನರ ನಡತೆಯ ಮೇಲೆ ನೇರ ಪೆಟ್ಟು: ದುಡ್ಡು, ಆಣೆ, ನಾಟಕದ ಹುಚ್ಚು, ಬಡವರ ಕಡೆಗಣನೆ. ಈ ಎರಡನೇ ಭಾಗಕ್ಕೂ ವೇದಭಾಗಕ್ಕೂ ಎಷ್ಟೋ ಸಲ ಸಂಬಂಧವೇ ಇರೋದಿಲ್ಲ. ವ್ಯಾಖ್ಯಾನ ಪ್ರಸಂಗಕ್ಕೆ ಒಗ್ಗಿದ ನಮಗೆ ಮೊದಮೊದಲು ಇದು ವಿಚಿತ್ರ ಅನಿಸುತ್ತೆ.

50ನೇ ಪ್ರಸಂಗದ ಕೊನೆ ನೋಡಿ. ಕ್ರಿಸ್ತನ ದೇಹಕ್ಕೆ ಗೌರವ ಕೊಡಬೇಕೇ? ಹಾಗಾದರೆ ಇಲ್ಲಿ ಒಳಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬಟ್ಟೆಯಿಲ್ಲದೆ ನಿಂತಿರುವ ಅವನನ್ನು ಮರೆಯಬೇಡಿ ಅನ್ನುತ್ತಾರೆ. ಆಧಾರ ಮತ್ತಾಯ 25. ಇದರಲ್ಲಿ ಯಾವ ಅರಿಕೆಗೆ ವಿರೋಧ ಇದೆ ಹೇಳಿ. ಎಂಟನೇ ಆಜ್ಞೆಗೆ ಹೈಡೆಲ್‌ಬರ್ಗ್ ಕೊಡುವ ವಿವರಣೆಯೂ (111ನೇ ಪ್ರಶ್ನೆ) ಇಲ್ಲಿಗೇ ಬಂದು ನಿಲ್ಲುತ್ತೆ. ಆದರೆ ಅದನ್ನು ಕ್ರಿಸೊಸ್ತೊಮ್ ಹೇಳುವ ಜೋರಿನಲ್ಲಿ ನಮ್ಮ ಪ್ರಸಂಗಪೀಠಗಳಿಂದ ಕೇಳೋದು ಅಪರೂಪ.

ಮೇಜುದೀಪ
18ನೇ ಶತಮಾನದ ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿ ಬಗ್ಗೆ ನಾನು ಬರೀತೀನಿ. ಹೆಚ್ಚಿನವರು ಮೊದಲು ತೆಗೆಯೋದು ಆಯ್ಕೆಯ ಬೋಧನೆಯ (ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾರೆ ಅನ್ನೋದರ) ವಿರುದ್ಧ ಅವರು 1739ರಲ್ಲಿ ಬ್ರಿಸ್ಟಲ್‌ನಲ್ಲಿ ಮಾಡಿದ ಪ್ರಸಂಗ. ಅಲ್ಲಿಂದ ಶುರುಮಾಡಿದರೆ ಎರಡನೇ ಪುಟಕ್ಕೇ ಜಗಳ. 1741ರ ಜುಲೈ 25ರಂದು ಆಕ್ಸ್‌ಫರ್ಡ್‌ನಲ್ಲಿ ಅಪೊಸ್ತಲರ ಕೃತ್ಯಗಳು 26:28ರ ಮೇಲೆ ಮಾಡಿದ ಪ್ರಸಂಗದಿಂದ ಶುರುಮಾಡಿ. ವಿಶ್ವವಿದ್ಯಾಲಯದ ಪಂಡಿತರನ್ನೇ ಎದುರಿಗೆ ಕೂರಿಸಿಕೊಂಡು, "ನೀವು ಹೆಚ್ಚುಕಡಿಮೆ ಕ್ರೈಸ್ತರು, ಪೂರ್ತಿ ಅಲ್ಲ" ಎಂಬ ಧಾಟಿಯಲ್ಲಿ ಮಾತಾಡಿದ ಪ್ರಸಂಗ ಅದು.

ಅದರ ಕಟ್ಟು ಸರಳ. ಹೆಚ್ಚುಕಡಿಮೆ ಕ್ರೈಸ್ತನಲ್ಲಿ ಏನೇನಿರುತ್ತೆ? ಅನ್ಯಜನರಲ್ಲೂ ಕಾಣುವ ಪ್ರಾಮಾಣಿಕತೆ, ಭಕ್ತಿಯ ಹೊರವೇಷ, ಕೊನೆಗೆ ನಿಜವಾದ ಶ್ರದ್ಧೆ ಕೂಡ. ಮೂರನೆಯದನ್ನೂ "ಸಾಲದು" ಪಟ್ಟಿಗೆ ಸೇರಿಸಿದಾಗ ಕೂತವರ ಕಾಲ ಕೆಳಗಿನ ನೆಲವೇ ಜಾರುತ್ತೆ. ಆಮೇಲೆ ಪೂರ್ತಿ ಕ್ರೈಸ್ತ: ದೇವರ ಮೇಲೆ ಪ್ರೀತಿ, ನೆರೆಯವನ ಮೇಲೆ ಪ್ರೀತಿ, ಇವೆರಡಕ್ಕೂ ಬುಡವಾದ ನಂಬಿಕೆ. ನಂಬಿಕೆಯನ್ನು ವಿವರಿಸಲು ಇಂಗ್ಲೆಂಡ್ ಸಭೆಯ ಹಳೆಯ ಬೋಧನೆಯನ್ನೇ ಎತ್ತಿ ಓದುತ್ತಾರೆ: ವೇದ ಸತ್ಯ ಅಂತ ಒಪ್ಪಿದರೆ ಸಾಲದು, ಕ್ರಿಸ್ತನ ಮೂಲಕ ನನಗೆ ರಕ್ಷಣೆ ಇದೆಯೆಂಬ ಗಟ್ಟಿ ಭರವಸೆ ಬೇಕು. ಪಕ್ಕದಲ್ಲಿ ಹೈಡೆಲ್‌ಬರ್ಗ್ 21 ಇಟ್ಟುಕೊಳ್ಳಿ, ಹೆಚ್ಚುಕಡಿಮೆ ಅದೇ ಮಾತು.

ಕವಲು ಇರೋದೂ ಆ ಗಟ್ಟಿ ಭರವಸೆಯಲ್ಲೇ. ಆ ವರ್ಷಗಳ ವೆಸ್ಲಿ ನಂಬಿಕೆಯನ್ನೂ ರಕ್ಷಣೆಯ ನಿಶ್ಚಯವನ್ನೂ ಬೇರೆಮಾಡಲಾಗದಷ್ಟು ಹತ್ತಿರ ಕಟ್ಟಿಬಿಡುತ್ತಾರೆ. ನಿಶ್ಚಯವಿಲ್ಲದೆ ನರಳುವ ಸೂಕ್ಷ್ಮ ಮನಸ್ಸಿನವರು ಕೇಳಿದರೆ "ಹಾಗಾದರೆ ನಾನು ಕ್ರೈಸ್ತನೇ ಅಲ್ಲ" ಅಂತ ತೀರ್ಮಾನಿಸುವ ಅಪಾಯ ಇದೆ. ಅದಕ್ಕೆ ಮದ್ದು ವೆಸ್ಟ್‌ಮಿನ್‌ಸ್ಟರ್ 18:3. ನಿಜ ವಿಶ್ವಾಸಿಯೂ ಆ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದು, ಎಷ್ಟೋ ತೊಡಕು ದಾಟಬೇಕಾಗಬಹುದು ಅಂತ ಅಲ್ಲಿ ಸ್ಪಷ್ಟವಾಗಿದೆ. ಪ್ರಸಂಗ ಮುಗಿದ ಕೂಡಲೇ ಅದನ್ನು ಓದಿ, ಮರುದಿನಕ್ಕೆ ಇಡಬೇಡಿ.

ಕೊನೇಬೆಂಚು
ಅಂದರೆ ಆರ್ಮೀನಿಯನ್ನರೆಲ್ಲ (ದೇವರ ಕೃಪೆಯನ್ನು ಮನುಷ್ಯ ತಳ್ಳಬಹುದು ಅನ್ನೋ ವೆಸ್ಲಿಯಂಥವರು) ಕೇಳಲು ಸರಿ ಅಂತಲೇ? ಅಮೆರಿಕದ ಬೋಧಕ ಚಾರ್ಲ್ಸ್ ಫಿನ್ನಿ ಕೂಡ?

ಮೇಜುದೀಪ
ಇಲ್ಲ. ವೆಸ್ಲಿ, ಫಿನ್ನಿ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬೋದೇ ನಮ್ಮವರ ದೊಡ್ಡ ತಪ್ಪು. ಜನ್ಮಪಾಪದ ಪರವಾಗಿ ವೆಸ್ಲಿ 1757ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದರು. ಮನುಷ್ಯ ಪಾಪದಲ್ಲಿ ಸತ್ತವನು, ದೇವರ ಕೃಪೆ ಮೊದಲು ಮುಟ್ಟದೆ ಅವನು ಅಲ್ಲಾಡಲಾರ ಅನ್ನುವಲ್ಲಿ ಅವರು ನಮ್ಮ ಜೊತೆಗೇ ಇದ್ದಾರೆ. ಆ ಕೃಪೆ ಎಲ್ಲರಿಗೂ ಸಿಗುತ್ತೆ, ಅದನ್ನು ತಳ್ಳಬಹುದು ಅನ್ನುವಲ್ಲಿ ದಾರಿ ಬೇರೆ. ಫಿನ್ನಿ (1792–1875) ಜನ್ಮಪಾಪವನ್ನೂ ಒಪ್ಪಲಿಲ್ಲ, ಕ್ರಿಸ್ತನ ನೀತಿ ನಮ್ಮ ಲೆಕ್ಕಕ್ಕೆ ಸೇರುತ್ತೆ ಅನ್ನೋದನ್ನೂ ಒಪ್ಪಲಿಲ್ಲ. ವೆಸ್ಲಿ ಅನುಯಾಯಿಗಳೇ ಅವರನ್ನು ತಮ್ಮವರು ಅನ್ನಲು ಹಿಂಜರಿಯಬೇಕು. "ಆತಂಕಿತರು ಮುಂದಿನ ಬೆಂಚಿಗೆ ಬನ್ನಿ" ಎಂಬ ಪದ್ಧತಿಗೆ ಹೆಸರಾದವರೂ ಅವರೇ. ಒತ್ತಾಯ ತಂದರೆ ಮನಸ್ಸು ತಿರುಗುತ್ತೆ ಎಂಬ ಲೆಕ್ಕ ಅದರ ಹಿಂದಿದೆ. ಕೇಳುವ ಖುಷಿಗೆ ಫಿನ್ನಿ ಬೇಡ, ಇತಿಹಾಸ ತಿಳಿಯಲು ಬೇಕಾದರೆ ಓದಿ.

ಡಾರ್ಟ್1619
ಈ ವಿಂಗಡಣೆ ಚೆನ್ನಾಗಿದೆ. ಇಬ್ರಿಯ 6:4–6 (ನಂಬಿಕೆಯಿಂದ ಬಿದ್ದುಹೋಗುವವರಿಗೆ ಕೊಟ್ಟ ಎಚ್ಚರಿಕೆ) ಕೂಡ ಸೇರಿಸಿ. ವೆಸ್ಲಿಯನ್ ಬೋಧಕರು ಆ ಭಾಗಕ್ಕೆ ಬಂದಾಗ ಎಚ್ಚರಿಕೆ ಎಚ್ಚರಿಕೆಯಾಗಿಯೇ ಕೇಳಿಸುತ್ತೆ. ನಮ್ಮ ಕಡೆ ಎಷ್ಟೋ ಪ್ರಸಂಗಗಳು "ಇದು ನಿಜವಾದ ವಿಶ್ವಾಸಿಗಳಿಗೆ ಅನ್ವಯಿಸದು" ಅಂತ ಮೊದಲ ಹತ್ತು ನಿಮಿಷದಲ್ಲೇ ಹೇಳಿ ಮುಳ್ಳು ಕಿತ್ತುಬಿಡುತ್ತವೆ. ಡಾರ್ಟ್ 5ನೇ ಅಧ್ಯಾಯದ 14ನೇ ಲೇಖನ ಓದಿದವರು ಹಾಗೆ ಮಾಡಬಾರದು. ವಾಕ್ಯದ ಬುದ್ಧಿಮಾತು, ಬೆದರಿಕೆ, ವಾಗ್ದಾನಗಳ ಮೂಲಕವೇ ದೇವರು ತನ್ನವರನ್ನು ಕಡೆವರೆಗೆ ಕಾಪಾಡುತ್ತಾರೆ ಅನ್ನುತ್ತೆ ಅದು. ಬೆದರಿಕೆ ನಾಟದಿದ್ದರೆ ಕಾಪಾಡುವ ಸಾಧನವೇ ಮೊಂಡಾದಂತೆ. ಈ ಒಂದು ವಿಷಯದಲ್ಲಿ ಆರ್ಮೀನಿಯನ್ ಪ್ರಸಂಗ ನಮ್ಮ ಅರಿಕೆಯನ್ನೇ ನಮಗೆ ನೆನಪಿಸುತ್ತೆ. ತೀರ್ಮಾನ ಬೇರೆ, ಪೆಟ್ಟು ಸರಿ.

ಈ ಬದುಕಿನಲ್ಲೇ ಪರಿಪೂರ್ಣ ಪವಿತ್ರತೆ ಮುಟ್ಟಬಹುದೆಂಬ ವೆಸ್ಲಿಯನ್ನರ ಕ್ರೈಸ್ತ ಪೂರ್ಣತೆಯ ಬೋಧನೆಗೆ ಮಾತ್ರ ನನ್ನಿಂದ ರಿಯಾಯಿತಿ ಇಲ್ಲ. 1 ಯೋಹಾನ 3:9 (ದೇವರಿಂದ ಹುಟ್ಟಿದವನು ಪಾಪ ಮಾಡನು) ಬಂದರೆ ಹೈಡೆಲ್‌ಬರ್ಗ್ 114 ತೆರೆಯಿರಿ: ಅತ್ಯಂತ ಪವಿತ್ರರಲ್ಲೂ ಈ ವಿಧೇಯತೆಯ ಚಿಕ್ಕ ಆರಂಭ ಮಾತ್ರ.

ಹಳೇಕೀರ್ತನೆ
ವೆಸ್ಲಿ–ವಿಟ್‌ಫೀಲ್ಡ್ ಪ್ರಕರಣ ಇಲ್ಲಿ ಹೇಳಲೇಬೇಕು. 1739ರ ಆ ಪ್ರಸಂಗಕ್ಕೆ ವೆಸ್ಲಿಯ ಗೆಳೆಯ, ಕ್ಯಾಲ್ವಿನಿಸ್ಟ್ ಬೋಧಕ ವಿಟ್‌ಫೀಲ್ಡ್ 1740ರ ಡಿಸೆಂಬರ್ 24ರ ತಾರೀಖು ಹಾಕಿ ಖಾರವಾದ ಉತ್ತರ ಬರೆದರು, ಅದು ಅಚ್ಚೂ ಆಯಿತು. ಒಂದೇ ಚಳುವಳಿ ಎರಡು ಪಾಲಾಯಿತು. ಆದರೆ 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್‌ನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವರು ವೆಸ್ಲಿಯೇ. ವೇದಭಾಗ ಅರಣ್ಯಕಾಂಡ 23:10. ಹೊಸ ಜನನ, ನಂಬಿಕೆಯಿಂದ ನೀತಿವಂತರೆಂಬ ನಿರ್ಣಯ, ಈ ಎರಡನ್ನು ಎತ್ತಿಹಿಡಿದು, ಒಡಕಿನ ವಿಷಯಗಳನ್ನು ಬದಿಗಿಟ್ಟರು. ವಿಟ್‌ಫೀಲ್ಡ್ ಕಡೆಯ ಕೆಲವರಿಗೆ ಅದೂ ಹಿಡಿಸಲಿಲ್ಲ ಅನ್ನೋದು ಬೇರೆ ಮಾತು.

ಕೆಲಸಕ್ಕೆ ಬರುವ ಇನ್ನೊಂದು ಘಟನೆ ಚಾರ್ಲ್ಸ್ ಸಿಮಿಯನ್ ಅವರದು. ಕೇಂಬ್ರಿಡ್ಜ್‌ನ ಈ ಯುವ ಪಾದ್ರಿ ಎಂಬತ್ತು ದಾಟಿದ ವೆಸ್ಲಿಯನ್ನು ಕಂಡು ಕೆಲವು ಪ್ರಶ್ನೆ ಹಾಕಿದರು. ದೇವರು ಮೊದಲು ಮನಸ್ಸಿನಲ್ಲಿ ಹಾಕದಿದ್ದರೆ ನೀವು ಅವರ ಕಡೆ ತಿರುಗುತ್ತಲೇ ಇರಲಿಲ್ಲ ಅಂತ ಒಪ್ಪುತ್ತೀರಾ? ನಿಮ್ಮ ಯಾವ ಕ್ರಿಯೆಯೂ ದೇವರ ಮುಂದೆ ನಿಲ್ಲದು, ಕ್ರಿಸ್ತನ ರಕ್ತ ಮತ್ತು ನೀತಿಯಿಂದ ಮಾತ್ರ ರಕ್ಷಣೆ, ಸರಿಯೇ? ಮೊದಲು ಕ್ರಿಸ್ತನಿಂದ ರಕ್ಷಣೆ ಪಡೆದು ಆಮೇಲೆ ಕ್ರಿಯೆಗಳಿಂದ ನಿಮ್ಮನ್ನು ನೀವೇ ಉಳಿಸಿಕೊಳ್ಳಬೇಕೋ? ಕಡೆವರೆಗೂ ನಿಮ್ಮನ್ನು ಕಾಯುವವರು ದೇವರೇ? ಎಲ್ಲಕ್ಕೂ ವೆಸ್ಲಿ ಕೊಟ್ಟ ಉತ್ತರ ಸಿಮಿಯನ್ ಒಪ್ಪುವಂಥದ್ದೇ. ಹಾಗಾದರೆ ಹಿರಿದ ಕತ್ತಿಯನ್ನು ಮತ್ತೆ ಒರೆಯೊಳಗೆ ಇಡುತ್ತೇನೆ ಅಂದರು ಸಿಮಿಯನ್. ಹೊಸ ಬೋಧಕರೊಬ್ಬರ ಪ್ರಸಂಗ ಕೈಗೆ ಬಂದರೆ ಈ ನಾಲ್ಕನ್ನೇ ಹಾಕಿ ನೋಡಿ. ಆಯ್ಕೆ ಬಗ್ಗೆ ನೇರವಾಗಿ ಕೇಳಿ ಪಡೆಯುವ ಉತ್ತರಕ್ಕಿಂತ ಇದರಿಂದ ಹೆಚ್ಚು ತಿಳಿಯುತ್ತೆ.

ಎಣ್ಣೆಬತ್ತಿ
ಎಲ್ಲರೂ ಬೋಧನೆ ತೂಗುತ್ತಿದ್ದೀರಿ. ಪ್ರಶ್ನೆ ಖುಷಿಯ ಬಗ್ಗೆಯೂ ಇತ್ತಲ್ಲ! ಗಾರ್ಡ್ನರ್ ಟೇಲರ್ ಹೆಸರು ಯಾರೂ ಎತ್ತಲಿಲ್ಲ. 1948ರಿಂದ 1990ರವರೆಗೆ ಬ್ರೂಕ್ಲಿನ್‌ನ ಕಾಂಕರ್ಡ್ ಬ್ಯಾಪ್ಟಿಸ್ಟ್ ಸಭೆಯ ಪಾಸ್ಟರ್, ಆಫ್ರಿಕನ್-ಅಮೆರಿಕನ್ ಬೋಧಕರಲ್ಲಿ ಹಿರಿಯರು. ಓದಬೇಡಿ, ಧ್ವನಿಮುದ್ರಣ ಕೇಳಿ. ಅಚ್ಚಿನಲ್ಲಿ ಅರ್ಧ ಕಳೆದುಹೋಗುತ್ತೆ.

ಆ ಪರಂಪರೆಯಲ್ಲಿ ಹೊಸ ಬೋಧಕರಿಗೆ ಹೇಳಿಕೊಡೋದೇ ಹೀಗೆ: ತಗ್ಗಿದ ದನಿಯಲ್ಲಿ ಶುರುಮಾಡು, ನಿಧಾನಕ್ಕೆ ಸಾಗು, ಮೇಲೇರು, ಕಿಡಿ ಹೊತ್ತಿಸು. ಮೊದಲ ಐದು ನಿಮಿಷ ಏನೂ ನಡೆಯುತ್ತಿಲ್ಲ ಅನಿಸಿದರೆ ಬಿಟ್ಟು ಏಳಬೇಡಿ. ಸಭೆ ನಡುನಡುವೆ ಕೂಗಿ ಉತ್ತರಿಸೋದು ಅಡ್ಡಿಯಲ್ಲ, ಅದು ಪ್ರಸಂಗದ ಭಾಗ. ಬೋಧಕರು ಅದಕ್ಕಾಗಿಯೇ ವಾಕ್ಯದ ನಡುವೆ ನಿಲ್ಲುತ್ತಾರೆ. ಕೊನೆಯಲ್ಲಿ ವೇದಭಾಗ ಯಾವುದೇ ಇರಲಿ, ಶುಭ ಶುಕ್ರವಾರದ ಶಿಲುಬೆಯಿಂದ ಭಾನುವಾರದ ಮುಂಜಾವಿನ ಸಮಾಧಿಗೆ ಬಂದು ಮುಟ್ಟೋದು ಅಲ್ಲಿನ ವಾಡಿಕೆ. "ಪ್ರತಿ ವೇದಭಾಗದಿಂದಲೂ ಕ್ರಿಸ್ತನ ಕಡೆಗೆ" ಅಂತ ನಾವು ಪಾಠ ಮಾಡುತ್ತೇವೆ. ಅವರು ಹಾಡುತ್ತಾರೆ.

ಇದನ್ನು ಕೇಳಿ ನಮ್ಮ ಯುವ ಬೋಧಕರು ಮಾಡುವ ಎಡವಟ್ಟು, ಕೊನೆಯ ಐದು ನಿಮಿಷದ ಏರುದನಿಯನ್ನಷ್ಟೇ ನಕಲು ಮಾಡೋದು. ಮೊದಲ ಇಪ್ಪತ್ತು ನಿಮಿಷದ ತಾಳ್ಮೆ ಇಲ್ಲದೆ ಅದು ಬರೀ ಕಿರುಚಾಟ.

ಕೊನೇಬೆಂಚು
ತುಣುಕು ವಿಡಿಯೊಗಳ ತೊಂದರೆಯೂ ಅದೇ. ಅರವತ್ತು ಸೆಕೆಂಡಿನ ತುಣುಕಿನಲ್ಲಿ ಏರುದನಿ ಇರುತ್ತೆ, ವೇದಭಾಗ ಇರೋದಿಲ್ಲ. ಆ ಬೋಧಕರು ವಾಕ್ಯಕ್ಕೆ ನಿಷ್ಠರೋ ಅಲ್ಲವೋ ಹೇಳಲಾಗದು. ಒಬ್ಬರ ಬಗ್ಗೆ ಅಭಿಪ್ರಾಯ ಹೇಳುವ ಮೊದಲು ಒಂದೇ ಪುಸ್ತಕದ ಮೇಲೆ ಅವರು ಮಾಡಿದ ನಾಲ್ಕೈದು ಪೂರ್ತಿ ಪ್ರಸಂಗ ಸಾಲಾಗಿ ಕೇಳಬೇಕು. ಬಿಡಿ ಪ್ರಸಂಗದಲ್ಲಿ ಇಷ್ಟದ ವಚನ ಆರಿಸಿಕೊಳ್ಳಬಹುದು, ಸರಣಿಯಲ್ಲಿ ಕಷ್ಟದ ವಚನ ತಪ್ಪಿಸಲಾಗದು. ಮೊದಲ ಸಲ ಪೆನ್ನು ಹಿಡಿಯದೆ ಕೇಳಿ. ಎರಡನೇ ಸಲ ವೇದ ತೆರೆದು, ಹೇಳಿದ್ದು ಆ ವಚನದಲ್ಲಿದೆಯೇ ನೋಡಿ. ತಪ್ಪು ಹುಡುಕುವ ಪೆನ್ನು ಮೊದಲೇ ಕೈಗೆ ಬಂದರೆ ಪ್ರಸಂಗ ಕಿವಿಗೇ ಬೀಳೋದಿಲ್ಲ.

ಮತ್ತೆ, ಅಮೆರಿಕದ ಬೋಧಕ ಎ. ಡಬ್ಲ್ಯು. ಟೋಜರ್ ಅವರ ಒಂದು ಪ್ರಸಂಗ ಕೇಳಿದರೆ ಯೂಟ್ಯೂಬ್ ಮುಂದೆ ತಂದಿಡುವ ಐದು ಮಂದಿ ಟೋಜರ್ ಅಲ್ಲ. ಆಟೊಪ್ಲೇ ಆಫ್ ಮಾಡಿ.

ಬೆರೋಯದವ
ಟೋಜರ್ ಅಂದಿರಿ. ದೇವರ ಮಹಿಮೆಯ ವಿಷಯದಲ್ಲಿ ಅವರು ನಮ್ಮವರೇ ಅನಿಸುತ್ತೆ. ಕವಲು ಎಲ್ಲಿ?

ಮೇಜುದೀಪ
ದೇವರ ಸಾರ್ವಭೌಮತ್ವಕ್ಕೆ ಬಂದಾಗ ಅವರು ಕೊಡುವ ಹಡಗಿನ ಉದಾಹರಣೆಯಲ್ಲಿ. ಹಡಗು ನ್ಯೂಯಾರ್ಕ್ ಬಿಟ್ಟು ಲಿವರ್‌ಪೂಲ್‌ಗೆ ಹೊರಟಿದೆ, ಸೇರುವ ರೇವು ಬದಲಾಗದು, ಒಳಗಿನ ಪ್ರಯಾಣಿಕರು ತಮ್ಮಿಷ್ಟದಂತೆ ಓಡಾಡುತ್ತಾರೆ. ವೆಸ್ಟ್‌ಮಿನ್‌ಸ್ಟರ್ 3:1 ಇದಕ್ಕಿಂತ ಮುಂದೆ ಹೋಗುತ್ತೆ: ಪ್ರಯಾಣಿಕರ ಹೆಜ್ಜೆಗಳೂ ದೇವರ ನಿರ್ಣಯದಲ್ಲೇ ಇವೆ, ಆದರೂ ಅವರ ಚಿತ್ತದ ಮೇಲೆ ಬಲಾತ್ಕಾರ ಇಲ್ಲ. ಅಷ್ಟು ಗೊತ್ತಿದ್ದರೆ ಉಳಿದದ್ದನ್ನು ನಿಶ್ಚಿಂತೆಯಿಂದ ಸವಿಯಿರಿ. ದೇವರ ಪವಿತ್ರತೆಯ ಬಗ್ಗೆ ಹಾಗೆ ಮಾತಾಡಿದವರು 20ನೇ ಶತಮಾನದಲ್ಲಿ ಕಡಿಮೆ.

ತೊಂಬತ್ತೈದು
ಕ್ಯಾಥೋಲಿಕ್ ಕಡೆಯಿಂದ ರಾನಿಯೆರೊ ಕಂತಾಲಮೆಸ್ಸ ಅವರನ್ನು ಹೆಸರಿಸುತ್ತೇನೆ. 1980ರಿಂದ 2024ರವರೆಗೆ ಮೂವರು ಪೋಪ್‌ಗಳ ಪರಿವಾರಕ್ಕೆ ಬೋಧಕರಾಗಿದ್ದ ಕಪುಚಿನ್ ಸನ್ಯಾಸಿ. ಶುಭ ಶುಕ್ರವಾರ ಸಂತ ಪೇತ್ರರ ಬಸಿಲಿಕಾದಲ್ಲಿ ಪ್ರಸಂಗ ಮಾಡುತ್ತಿದ್ದವರು ಅವರೇ, ಪೋಪ್ ಕೂತು ಕೇಳುತ್ತಿದ್ದರು. ಪ್ರಾಟೆಸ್ಟೆಂಟ್ ಸುಧಾರಣೆಗೆ 500 ವರ್ಷ ತುಂಬಿದ 2017ರಲ್ಲಿ ಲೆಂಟ್ ಕಾಲದ ಒಂದು ಪ್ರಸಂಗವನ್ನು ಅವರು ರೋಮಾ 3ರ "ದೇವರ ನೀತಿ"ಗೆ ಮೀಸಲಿಟ್ಟರು. ಶಿಲುಬೆಯ ಪ್ರಸಂಗಗಳಲ್ಲಿ ಅವರು ಅಡ್ಡಾಡದೆ ಕ್ರಿಸ್ತನ ಬಳಿಗೇ ಹೋಗುತ್ತಾರೆ.

ಡಾರ್ಟ್1619
ಇಲ್ಲಿ ನನ್ನ ಅಸಮ್ಮತಿ ಇದೆ. ವೆಸ್ಲಿಯ ಜೊತೆ ನಮಗಿರೋದು ಒಂದೇ ನೆಲದ ಮೇಲಿನ ಜಗಳ. ಕ್ಯಾಥೋಲಿಕ್ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ, ಆರನೇ ಅಧಿವೇಶನದ 9ನೇ ನಿಯಮದಲ್ಲಿ, ನಂಬಿಕೆಯಿಂದ ಮಾತ್ರವೇ ನೀತಿವಂತರಾಗುತ್ತೇವೆ ಎಂಬ ಬೋಧನೆಗೆ ಶಾಪ ಹಾಕಿದೆ. ಅದನ್ನು ಹಿಂತೆಗೆದುಕೊಂಡಿಲ್ಲ. ಪ್ರಸಂಗ ಎಷ್ಟೇ ಇಂಪಾಗಿರಲಿ, ಪೀಠದ ಹಿಂದಿನ ಗೋಡೆ ಅದೇ.

ತೊಂಬತ್ತೈದು
ಗೋಡೆ ಇರೋದು ನಿಜ. 1999ರ ಅಕ್ಟೋಬರ್ 31ರಂದು ಲೂಥರನ್ನರ ಜೊತೆ ಕ್ಯಾಥೋಲಿಕ್ ಸಭೆ ಸಹಿ ಮಾಡಿದ, ನೀತಿವಂತರೆಂಬ ನಿರ್ಣಯದ ಕುರಿತ ಜಂಟಿ ಘೋಷಣೆಗೆ 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟವೂ ಸೇರಿಕೊಂಡಿತು. ಅದನ್ನು ಒಪ್ಪದ ರಿಫಾರ್ಮ್ಡ್ ಸಭೆಗಳು ಬಹಳ ಇವೆ ಅನ್ನೋದೂ ನಿಜ. ನಾನು ಹೇಳೋದು ಇಷ್ಟೇ: ನೀತಿವಂತರೆಂಬ ನಿರ್ಣಯದ ಬಗ್ಗೆ ಕಂತಾಲಮೆಸ್ಸ ಹೇಳಿದ್ದನ್ನು ಹೈಡೆಲ್‌ಬರ್ಗ್ 60ರ ಪಕ್ಕ ಇಟ್ಟು ತೂಗಿ, ಶಿಲುಬೆಯ ಬಗ್ಗೆ ಹೇಳಿದ್ದನ್ನು ಸುಮ್ಮನೆ ಕೇಳಿ. ಬರ್ನಾರ್ಡ್‌ಗೆ ಕೊಟ್ಟ ಜಾಗ ಇವರಿಗೂ ಕೊಡಬಹುದು.

ಡಾರ್ಟ್1619
ಬರ್ನಾರ್ಡ್ ಇದ್ದದ್ದು ಟ್ರೆಂಟ್‌ಗೆ ನಾನೂರು ವರ್ಷ ಮೊದಲು. ಕಂತಾಲಮೆಸ್ಸ ಟ್ರೆಂಟ್ ಗೊತ್ತಿದ್ದೂ ಅಲ್ಲಿ ನಿಂತವರು. ಒಂದೇ ಜಾಗ ಕೊಡಲಾರೆ. ಇಲ್ಲಿಗೆ ಬಿಡೋಣ.

ಸಭಾಹಿರಿಯ
ಒಬ್ಬರೇ ಕೇಳೋದು ಬೇರೆ, ಸಭೆಯ ವಾಟ್ಸಾಪ್ ಗುಂಪಿಗೆ ಹಾಕೋದು ಬೇರೆ. ಗುಂಪಿಗೆ ಹಾಕಿದರೆ ಬೋಧಕರ ಎಲ್ಲ ಮಾತಿಗೂ ನಿಮ್ಮ ಸಹಿ ಬಿದ್ದಂತೆ ಜನ ತಿಳಿಯುತ್ತಾರೆ. ಹಾಕುವುದಾದರೆ ಪ್ರಸಂಗದ ಹೆಸರು, ವೇದಭಾಗ, ಯಾವ ನಿಮಿಷದಲ್ಲಿ ನಾವು ಒಪ್ಪದ ಮಾತು ಬರುತ್ತೆ, ಅದಕ್ಕೆ ಅರಿಕೆಯ ಯಾವ ಭಾಗ ನೋಡಬೇಕು, ಇವನ್ನು ಎರಡು ಸಾಲಲ್ಲಿ ಜೊತೆಗೇ ಬರೆಯಿರಿ. ಹಾಗೆ ಬರೆಯಲು ಬಾರದಿದ್ದರೆ ಹಾಕಬೇಡಿ. ಹೊಸದಾಗಿ ದೀಕ್ಷಾಸ್ನಾನವಾದವರಿಗೆ ಮೊದಲು ಪ್ರಶ್ನೋತ್ತರಿ ಮುಗಿಯಲಿ.

ಮತ್ತೊಂದು, ಭಾನುವಾರ ನಿಮ್ಮ ಪಾಸ್ಟರ್ ನಿಮ್ಮ ಹೆಸರು, ನಿಮ್ಮ ಮನೆಯ ಕಷ್ಟ ತಿಳಿದು ಪ್ರಸಂಗ ಮಾಡುತ್ತಾರೆ. ಅವರನ್ನು ಗಾರ್ಡ್ನರ್ ಟೇಲರ್ ಜೊತೆ ಹೋಲಿಸಿ ಪೆಚ್ಚು ಮೋರೆ ಹಾಕಿಕೊಂಡು ಕೂರೋದು ಅನ್ಯಾಯ.

ಬೇರೆಯವರ ಜೊತೆ ಬದುಕುವುದಕ್ಕೂ ಮಾದರಿ ಇದೆ. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಚಾಪೆಲ್‌ನ ಬೋಧಕರಲ್ಲಿ ಕ್ಯಾಂಪ್‌ಬೆಲ್ ಮಾರ್ಗನ್ ಕ್ಯಾಲ್ವಿನಿಸ್ಟ್ ಅಲ್ಲ, ಲಾಯ್ಡ್-ಜೋನ್ಸ್ ಪಕ್ಕಾ ಕ್ಯಾಲ್ವಿನಿಸ್ಟ್. 1943ರಲ್ಲಿ ಮಾರ್ಗನ್ ನಿವೃತ್ತರಾಗುವವರೆಗೆ, ಯುದ್ಧದ ವರ್ಷಗಳಲ್ಲೂ, ಇಬ್ಬರೂ ಒಂದೇ ಪ್ರಸಂಗಪೀಠ ಹಂಚಿಕೊಂಡರು.

ಎಣ್ಣೆಬತ್ತಿ
ಕ್ರಿಸೊಸ್ತೊಮ್‌ರ ಆ 90ರಲ್ಲಿ ಮೊದಲು ಯಾವುದನ್ನು ಓದಲಿ? ಎಲ್ಲಾ ಓದುವ ತಾಳ್ಮೆ ಇಲ್ಲ.

ಹಳೇಕೀರ್ತನೆ
15, 19, 50, ಈ ಕ್ರಮದಲ್ಲಿ ಓದಿ ಸಿಸ್ಟರ್. 15 ಧನ್ಯವಚನಗಳ ಮೇಲೆ, 19 ಕರ್ತನ ಪ್ರಾರ್ಥನೆ ಬರುವ ಪ್ರಸಂಗ. 19 ಉದ್ದ ಇದೆ, ಪ್ರಾರ್ಥನೆಯ ವಿವರಣೆ ಶುರುವಾಗುವಲ್ಲಿ ನಿಲ್ಲಿಸಿ ಮರುದಿನ ಮುಂದುವರಿಸಿ. "ನಿನ್ನ ಚಿತ್ತ ನೆರವೇರಲಿ" ಎಂಬಲ್ಲಿ ಸದ್ಗುಣ ನಮ್ಮ ಪ್ರಯತ್ನದಿಂದ ಮಾತ್ರವಲ್ಲ, ಮೇಲಿನ ಕೃಪೆಯಿಂದಲೂ ಆಗುತ್ತೆ ಅನ್ನುತ್ತಾರೆ. ಆ "ಮಾತ್ರವಲ್ಲ" ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹೈಡೆಲ್‌ಬರ್ಗ್ 124 ಅಂತ ಬರೆದಿಟ್ಟು ಮುಂದೆ ಓದಿ. ಅದೂ ಇದೇ ಬಿನ್ನಹದ ಮೇಲಿನ ಪ್ರಶ್ನೆ.